ರಾಯಲ್ಟಿ ಯಾರ ಗಂಟೆಯಿಂದ?



ಮೆಲ್ಬರ್ನಿನ ಈ ಸಂಕಿರಣಕ್ಕೆ ನರ್ಸ್‌ಗಳು ಬಂದಿದ್ದೀರಿ, ಅಕೌಂಟೆಂಟರಿದ್ದೀರಿ, ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡಬೇಕೆನ್ನುವವರೂ ಇದ್ದೀರಿ. ವೃದ್ಧರಿಗೆ, ವಿಕಲಚೇತನರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಫ್ರಾಂಚೈಸಿ ಹಿಡಿಯುವುದು ಹೇಗೆ ಎಂಬುದನ್ನು ಮುಂದಿನ ಗೋಷ್ಠಿಗಳು ಹೇಳುತ್ತವೆ. ನಾನು ಲೆಕ್ಕದ ಒಂದು ತೊಡಕನ್ನಷ್ಟೇ ಎತ್ತುತ್ತೇನೆ.

ಆಸ್ಟ್ರೇಲಿಯಾದಲ್ಲಿ 2013ರಲ್ಲಿ ರಾಷ್ಟ್ರೀಯ ವಿಕಲಚೇತನ ವಿಮಾ ಯೋಜನೆ (ಎನ್‌ಡಿಐಎಸ್) ಶುರುವಾದ ಮೇಲೆ ಸರ್ಕಾರದ ಹಣ ಸಂಸ್ಥೆಯ ಬದಲು ವಿಕಲಚೇತನರ ಹೆಸರಿಗೇ ಮಂಜೂರಾಗತೊಡಗಿತು. ವೃದ್ಧರಿಗೆ 2025ರ ನವೆಂಬರ್ 1ರಿಂದ ಮನೆಯಲ್ಲೇ ಆರೈಕೆ ಕೊಡುವ ‘ಸಪೋರ್ಟ್ ಅಟ್ ಹೋಮ್’ ಯೋಜನೆ ಬಂದಿದೆ. ಹಣ ಎಲ್ಲಿದೆಯೋ ಅಲ್ಲಿಗೆ ಕಂಪನಿಗಳು ಬಂದವು; ಅದರಲ್ಲಿ ಅಚ್ಚರಿಯೇನಿಲ್ಲ.

ತೊಡಕು ಇಲ್ಲಿದೆ. ಎನ್‌ಡಿಐಎಸ್‌ನಲ್ಲಿ ಗಂಟೆಗೆ ಇಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬ ಮಿತಿಯಿದೆ. ಇತ್ತ ಕೆಲಸಗಾರರಿಗೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಈ ವಲಯದ ಕನಿಷ್ಠ ವೇತನದ ನಿಯಮವಾದ ಸ್ಕ್ಯಾಡ್ಸ್ ಅವಾರ್ಡ್ ಹೇಳುತ್ತದೆ. 2022ರ ಜುಲೈನಿಂದ ಪಾರ್ಟ್‌ಟೈಮ್, ಕ್ಯಾಶುಯಲ್ ಆರೈಕೆದಾರರನ್ನು ಕರೆಸಿದರೆ ಕನಿಷ್ಠ ಎರಡು ಗಂಟೆಯ ಸಂಬಳ ಕೊಡಲೇಬೇಕು. ಅಜ್ಜನಿಗೆ ಸ್ನಾನ ಮಾಡಿಸಲು ಮುಕ್ಕಾಲು ಗಂಟೆ ಸಾಕು. ಉಳಿದ ಹೊತ್ತಿಗೆ ಅಕ್ಕಪಕ್ಕದಲ್ಲೇ ಇನ್ನೊಂದು ಮನೆ ಸಿಗದಿದ್ದರೆ ನಷ್ಟ ನಿಮ್ಮದೇ. ಮೇಲಿನ ದರ, ಕೆಳಗಿನ ಕೂಲಿ ಎರಡೂ ನಿಮ್ಮ ಕೈಯಲ್ಲಿಲ್ಲ. ಫ್ರಾಂಚೈಸಿ ಕಂಪನಿಯ ರಾಯಲ್ಟಿಯೋ, ಸಾಮಾನ್ಯವಾಗಿ ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಹಾಗಾದರೆ ಅದು ಎಲ್ಲಿಂದ ಹುಟ್ಟಬೇಕು? ತರಬೇತಿಯಿಂದ, ಮೇಲ್ವಿಚಾರಣೆಯಿಂದ, ಎರಡು ಮನೆಗಳ ನಡುವೆ ಕಾರು ಓಡಿಸುವ ಹೊತ್ತಿನಿಂದ ಕತ್ತರಿಸಿಯೇ ಅಲ್ಲವೆ?

ಮೇಲ್ವಿಚಾರಣೆಗೆ ಕತ್ತರಿ ಹಾಕಿದರೆ ಏನಾದೀತು ಎಂದು ಊಹಿಸಬೇಕಿಲ್ಲ. ಅಡಿಲೇಡಿನ ಆ್ಯನ್ ಮೇರಿ ಸ್ಮಿತ್ ಅವರು ಸೆರೆಬ್ರಲ್ ಪಾಲ್ಸಿ ಇದ್ದವರು. ಒಬ್ಬಳೇ ಆರೈಕೆದಾರಳ ಕೈಯಲ್ಲಿದ್ದು, ಘೋರ ನಿರ್ಲಕ್ಷ್ಯಕ್ಕೆ ತುತ್ತಾಗಿ, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಸಹಾಯಕರಾದವರನ್ನು ಮನೆಯಲ್ಲಿ ಒಬ್ಬರ ಕೈಗೇ ಒಪ್ಪಿಸಕೂಡದು ಎಂದು ಆ ಸಾವಿನ ಬಳಿಕದ ಪರಿಶೀಲನೆಯ ರಾಬರ್ಟ್‌ಸನ್ ವರದಿ ಹೇಳಿತು. ಹಾಗೆ ಬರುವ ಎರಡನೆಯವರಿಗೂ ಸಂಬಳ ಕೊಡಬೇಕು. ಬ್ರಾಂಡಿನ ಹೊಳಪಿನ ಕೈಪಿಡಿಯಲ್ಲಿ ಆ ಖರ್ಚಿನ ಸಾಲು ಎಲ್ಲಿದೆ ಎಂದು ಹುಡುಕಿ.

ಹುಡುಕಲು ಕಾನೂನು ಸಮಯ ಕೊಡುತ್ತದೆ. ಫ್ರಾಂಚೈಸಿ ಸಂಹಿತೆಯ ಪ್ರಕಾರ ಸಹಿಗೆ ಕನಿಷ್ಠ 14 ದಿನ ಮೊದಲೇ ಡಿಸ್‌ಕ್ಲೋಷರ್ ದಾಖಲೆ ನಿಮ್ಮ ಕೈ ಸೇರಬೇಕು. ಅದರಲ್ಲಿ ಬಿಟ್ಟುಹೋದ ಫ್ರಾಂಚೈಸಿದಾರರ ವಿವರವೂ ಇರುತ್ತದೆ. ಗೆದ್ದವರನ್ನು ಕಂಪನಿಯೇ ನಿಮಗೆ ಪರಿಚಯಿಸುತ್ತದೆ. ನೀವು ಫೋನ್ ಮಾಡಬೇಕಾದ್ದು ಬಿಟ್ಟವರಿಗೆ.

ಇನ್ನು ನಮ್ಮ ಕನ್ನಡಿಗರ ಮಾತು. ಡಿಮೆನ್ಷಿಯಾ ಬಂದ ಎಷ್ಟೋ ಹಿರಿಯರಿಗೆ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರುತ್ತದೆ. ಕನ್ನಡದಲ್ಲಿ “ಊಟ ಆಯ್ತಾ ಅಮ್ಮ” ಎಂದು ಕೇಳಬಲ್ಲವರು ನಿಮ್ಮಲ್ಲಿದ್ದಾರೆ. ಬೇರೆ ಕಂಪನಿಗಳಲ್ಲಿ ಸುಲಭಕ್ಕೆ ಸಿಗಲಾರರು. ಆದರೆ ಫ್ರಾಂಚೈಸಿ ಸಾಮಾನ್ಯವಾಗಿ ಕೊಡುವುದು ಪೋಸ್ಟ್‌ಕೋಡ್ ಲೆಕ್ಕದ ಪ್ರದೇಶ. ಕನ್ನಡದ ಮನೆಗಳೋ ಮೆಲ್ಬರ್ನಿನ ಬಡಾವಣೆಗಳಾದ ಟಾರ್ನೀಟ್, ಪಾಯಿಂಟ್ ಕುಕ್, ಗ್ಲೆನ್ ವೇವರ್ಲಿ ಎಂದು ಹರಡಿಕೊಂಡಿವೆ. ಕನ್ನಡವೆಂಬ ನಿಮ್ಮ ದೊಡ್ಡ ಬಂಡವಾಳವನ್ನೇ ಬಳಸಗೊಡದ ಒಪ್ಪಂದಕ್ಕೆ ದುಡ್ಡು ಕೊಡಬೇಕೆ, ಇಲ್ಲ ನಾಲ್ಕಾರು ಜನ ಸೇರಿ ಸ್ವಂತ ಹೆಸರಲ್ಲಿ ಆರೈಕೆ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಬೇಕೆ? ಮೊದಲ ಗೋಷ್ಠಿ ಇದನ್ನು ಕಾಗದ-ಪೆನ್ನು ಹಿಡಿದೇ ಚರ್ಚಿಸಲಿ.