ಹುಬ್ಬಳ್ಳಿಯ ಪೇಟೆಯೂ ಅದರ ಹಾದಿಗಳೂ

(ಮಹೋತ್ಸವದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ಮೂವತ್ತು ವರ್ಷ ವ್ಯಾಕರಣ ಹೇಳಿದವನಿಗೆ ಹಾದಿ, ಬಾಡಿಗೆ, ಸರಕುಗಳ ಮಾತೇತಕ್ಕೆಂದು ಸಭೆಯಲ್ಲಿರುವ ಅಡತಿ ವ್ಯಾಪಾರಸ್ಥರು ನಗಬಹುದು. ನಗಲಿ. ‘ಎಲ್ಲಿಂದ’ ಎಂಬ ಪಂಚಮಿಗೂ ‘ಎಲ್ಲಿಗೆ’ ಎಂಬ ಚತುರ್ಥಿಗೂ ನಡುವೆ ಇರುವುದೇ ವ್ಯಾಪಾರವಾದುದರಿಂದ, ನನ್ನ ಶಾಸ್ತ್ರವನ್ನು ಬಿಟ್ಟು ನಾನು ಬಹಳ ದೂರ ಹೋಗಿಲ್ಲವೆಂದೇ ತಿಳಿದಿದ್ದೇನೆ.

ಮುಂಬಯಿಯ ಪೇಟೆಯಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಹಿಂದೆ ‘ಕುಮಟಾ ಹತ್ತಿ’ ಎಂಬ ಹೆಸರಿದ್ದಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯವು ತೆಂಗು, ಅಡಕೆ, ಭತ್ತ. ಆದರೆ ನಮ್ಮ ಎರೆಯ ಹೊಲಗಳ ಹತ್ತಿಯು ಮೊದಲು ಎತ್ತುಗಳ ಬೆನ್ನಿನ ಮೇಲೆ, ಅನಂತರ ಚಕ್ಕಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರದಲ್ಲಿ ಹಡಗನ್ನೇರುತ್ತಿದ್ದಿತು. ಅದರಿಂದ ಬೆಳೆದ ನೆಲದ ಹೆಸರು ಮರೆಯಾಗಿ, ಹಡಗು ಹತ್ತಿಸಿದ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಹಾದಿಯ ಬಲವೆಂಬುದು ಎಷ್ಟೆಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಕಾಲದ ಕಷ್ಟವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಹತ್ತಿಯನ್ನು ಬಿಡಿಸುವುದು ಮಾಘ ಫಾಲ್ಗುಣಗಳಲ್ಲಿ. ಮಳೆಗಾಲ ಹಿಡಿಯಿತೆಂದರೆ ಹಾಯಿಹಡಗುಗಳ ಸಂಚಾರವು ನಿಂತುಹೋಗುವುದು. ಈ ಎರಡರ ನಡುವಿನ ಕೆಲವೇ ತಿಂಗಳಲ್ಲಿ ಒಂದು ವರುಷದ ಬೆಳೆಯು ಘಟ್ಟವನ್ನು ಇಳಿಯಬೇಕಾಗಿದ್ದಿತು. ತಡವಾದ ಹತ್ತಿಯು ದಾರಿಯಲ್ಲಿ ತೊಯ್ದು ಬಣ್ಣಗೆಡುವುದು, ಇಲ್ಲವೆ ಮಳೆಗಾಲವೆಲ್ಲ ಬಂದರದಲ್ಲಿ ಬಿದ್ದಿರುವುದು. ಇಷ್ಟಾದರೂ ಆ ವ್ಯಾಪಾರ ನಡೆಯಿತು. ಏತಕ್ಕೆಂದರೆ ಹೇರೆತ್ತುಗಳು ಬರಿಬೆನ್ನಿನಿಂದ ಮರಳುತ್ತಿರಲಿಲ್ಲ. ಇಳಿಯುವಾಗ ಹತ್ತಿ, ಕಾಳು. ಏರುವಾಗ ಉಪ್ಪು, ತೆಂಗಿನಕಾಯಿ. ಲಮಾಣಿಗಳ ಹೇರೆತ್ತುಗಳಿಂದಲೇ ಬಯಲುಸೀಮೆಯು ಉಪ್ಪು ಕಂಡಿತೆಂದರೆ ತಪ್ಪಾಗದು. ಹೋಗುವಾಗ ತುಂಬಿ, ಬರುವಾಗ ಬರಿದಾದ ಬಂಡಿಯ ಬಾಡಿಗೆಯಲ್ಲಿ ಬರಿದಾದ ಹಾದಿಯ ವೆಚ್ಚವೂ ಸೇರಿಯೇ ಇರುವುದು. ಈ ಮರುಹೇರಿನ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.

1861ರಿಂದ 1865ರ ತನಕ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲಂಡಿಗೆ ಬಾರದಾಯಿತು. ಆಗ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ನಮ್ಮ ಸೀಮೆಯ ಮೇಲೆ ಬಿದ್ದಿತು. ಕಾರವಾರವನ್ನು ಹತ್ತಿಯ ಬಂದರವನ್ನಾಗಿ ಮಾಡಬೇಕೆಂಬ ಒತ್ತಾಯ ಹುಟ್ಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಇಲಾಖೆಯಿಂದ ತೆಗೆದು ಮುಂಬಯಿಗೆ ಸೇರಿಸಿದುದಕ್ಕೆ ಇದೇ ದೊಡ್ಡ ಕಾರಣ. ಒಂದು ಜಿಲ್ಲೆಯೇ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದುದು ಹತ್ತಿಯ ಹಾದಿಗಾಗಿ!

ಆದರೆ ದೈವವು ಬೇರೆ ಕಡೆಗೆ ತಿರುಗಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿ, ಆ ದಶಕದಲ್ಲಿಯೇ ಹುಬ್ಬಳ್ಳಿಗೆ ಉಗಿಬಂಡಿ ಬಂದಿತು. 1888ರಲ್ಲಿ ಕ್ಯಾಸಲ್‌ರಾಕಿನಿಂದ ಘಟ್ಟವಿಳಿದು ಪೋರ್ತುಗೀಜರ ಮಾರ್ಮಗೋವಾ ಬಂದರಕ್ಕೆ ಹಳಿಯು ಮುಟ್ಟಿತು. ಹಳಿಗೆ ಮಳೆಗಾಲವೂ ಒಂದೇ, ಬೇಸಗೆಯೂ ಒಂದೇ. ಹತ್ತಿಯು ಅತ್ತ ಹರಿಯಿತು. ಕುಮಟೆಯ ಬಂದರವು ಸೊರಗಿತು. ಕುಮಟೆಯವರು ಯಾವ ತಪ್ಪು ಮಾಡಿದ್ದರು? ಏನೂ ಇಲ್ಲ. ಹಾದಿ ಬದಲಾಯಿತು, ಅಷ್ಟೆ. 1998ರಲ್ಲಿ ಕೊಂಕಣ ರೇಲ್ವೆಯು ಪೂರ್ಣಗೊಂಡಾಗ ಆ ಊರಿಗೂ ಹಳಿ ಬಂದಿತಾದರೂ ಅದು ಕರಾವಳಿಯ ಉದ್ದಕ್ಕೆ ಹೋಗುವ ಹಳಿ; ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವುದಲ್ಲ.

ಹುಬ್ಬಳ್ಳಿಗೆ ಬಂದ ಹಳಿಯಲ್ಲಿಯೂ ಒಂದು ಕೊರತೆ ನೂರು ವರ್ಷ ಉಳಿದಿದ್ದಿತು. ಅದು ಮೀಟರ್‌ಗೇಜಿನ ಸಣ್ಣ ಹಳಿ. ಗುಂತಕಲ್ಲಿನಂಥ ಸ್ಥಳಗಳಲ್ಲಿ ದೊಡ್ಡ ಹಳಿಯ ಬಂಡಿಗೆ ಮೂಟೆಗಳನ್ನು ಇಳಿಸಿ ಏರಿಸಬೇಕು. ಏರಿಳಿಕೆಯಲ್ಲಿ ಹಮಾಲಿ, ಸೋರಿಕೆ, ವಿಳಂಬ ಮೂರೂ ಉಂಟು. 1990ರ ದಶಕದಲ್ಲಿ ಹಳಿಯನ್ನು ಅಗಲಿಸಿದ ಮೇಲೆ ಈ ತೊಡಕು ಹರಿಯಿತು. 2003ರಲ್ಲಿ ನೈಋತ್ಯ ರೇಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿಯೇ ಆಯಿತು. ಇನ್ನು 2023ರಲ್ಲಿ ಉದ್ಘಾಟನೆಯಾದ 1507 ಮೀಟರ್ ಉದ್ದದ ಪ್ಲಾಟ್‌ಫಾರಮ್ಮನ್ನು ಜಗತ್ತಿನಲ್ಲಿಯೇ ಉದ್ದವಾದುದೆಂದು ನೋಡಲು ಹೋಗುವವರು ಬಹಳ. ನಾನೂ ಹೋಗಿ ಕಾಲು ನೋಯುವ ತನಕ ನಡೆದೆನು. ಆದರೆ ಕಾಳಿನ ಚೀಲ ಏರುವುದು ಅಲ್ಲಲ್ಲ, ಗೂಡ್ಸ್ ಶೆಡ್ಡಿನಲ್ಲಿ.

ರಸ್ತೆಯ ಮಾತಿಗೆ ಬಂದರೆ, ಹುಬ್ಬಳ್ಳಿಯು ಪುಣೆಗೂ ಬೆಂಗಳೂರಿಗೂ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಎರಡೂ ಕಡೆಗೆ ನಾನೂರು ಕಿಲೋಮೀಟರಿನ ಆಸುಪಾಸು. ಪಶ್ಚಿಮಕ್ಕೆ ಗೋವೆ, ಅಂಕೋಲೆ. ಪೂರ್ವಕ್ಕೆ ಗದಗ, ಬಳ್ಳಾರಿ. ಉತ್ತರಕ್ಕೆ ವಿಜಯಪುರ, ಸೊಲ್ಲಾಪುರ. ಹೀಗೆ ಎಲ್ಲ ದಿಕ್ಕಿನ ಹಾದಿಗಳು ಕೂಡುವ ಊರಿನಲ್ಲಿ ಲಾರಿಗೆ ಮರುಹೇರು ಸಿಕ್ಕೇ ಸಿಗುವುದು. ಮುಂಬಯಿಗೆ ಮೆಣಸಿನಕಾಯಿ ಒಯ್ದುದು ಅರಿವೆ, ಔಷಧಿ, ಯಂತ್ರದ ಬಿಡಿಭಾಗಗಳನ್ನು ತರುವುದು. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಶ್ರೀ ವಿಜಯ ಸಂಕೇಶ್ವರರು ತಮ್ಮ ಸಾಗಣೆಯ ಉದ್ಯಮವನ್ನು ಹುಬ್ಬಳ್ಳಿಗೆ ತಂದು ಬೆಳೆಯಿಸಿದುದನ್ನು ತಾವೆಲ್ಲರೂ ಬಲ್ಲಿರಿ. ಒಬ್ಬನ ಸರಕಿನಿಂದ ಲಾರಿ ತುಂಬದಿದ್ದರೆ ಹತ್ತು ಜನರ ಸಣ್ಣ ಗಂಟುಗಳನ್ನು ಕೂಡಿಸಿ ತುಂಬುವ ಕೆಲಸವು ಇಂಥ ಕೂಡುಹಾದಿಯಲ್ಲಿಯೇ ಚೆನ್ನಾಗಿ ಸಾಗುವುದು. ಬ್ಯಾಡಗಿಯನ್ನು ನೋಡಿರಿ. ಹಳಿಯೂ ಹೆದ್ದಾರಿಯೂ ಸಮೀಪವಾದುದರಿಂದ, ಆಂಧ್ರದ ಕಡೆಯ ಮೆಣಸಿನಕಾಯಿ ಸಹ ಅಲ್ಲಿಯ ಲಿಲಾವಿಗೆ ಬಂದು ಬೀಳುವುದು.

ಇಷ್ಟೆಲ್ಲ ಅನುಕೂಲವೂ ಕೆಲವು ಕಡೆ ಬಹು ಸಣ್ಣ ಎಳೆಯ ಮೇಲೆ ನಿಂತಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಪಂಚಗಂಗೆಯು ಉಕ್ಕಿ ಕೊಲ್ಹಾಪುರದ ಬಳಿ ಹೆದ್ದಾರಿ ಮುಳುಗಿದಾಗ ಸಾವಿರಾರು ಲಾರಿಗಳು ದಿನಗಟ್ಟಲೆ ನಿಂತವು. 2021ರ ಜುಲೈಯಲ್ಲಿ ಅರಬೈಲ ಘಟ್ಟ ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಸಮೀಪದ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಬಂದಿತು. ಹಾದಿಯ ಬದಿಗೆ ಚಹ ಕಾಸಿ ಲಾರಿಯವರಿಗೆ ಕೊಡುತ್ತಿದ್ದ ಮನೆಯವರೂ, ಚಹ ಕುಡಿಯಲು ನಿಂತವರೂ ಹೋದರು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಗಂಗಾವಳಿಯ ನದಿಯಲ್ಲಿ ಎಪ್ಪತ್ತೊಂದು ದಿನಗಳ ಮೇಲೆ ಸಿಕ್ಕಿತು, ಚಾಲಕನ ದೇಹದೊಡನೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಹಾದಿ ಅಗಲಿಸಿದರೆ ಉಳಿದ ಗುಡ್ಡವನ್ನು ಹಿಡಿಯುವವರಾರು? ಹುಬ್ಬಳ್ಳಿಯಿಂದ ಅಂಕೋಲೆಗೆ ಹಾಕಬೇಕೆಂದ ರೇಲ್ವೆಯು 1990ರ ದಶಕದ ಕೊನೆಯಿಂದ ಕಾಡಿನ ತಂಟೆಯಲ್ಲಿ ಸಿಕ್ಕು ಇನ್ನೂ ಮುಗಿದಿಲ್ಲ. ವ್ಯಾಪಾರಸ್ಥರು ಬೇಗ ಆಗಲೆನ್ನುವರು. ಕಾಡು ಕಾಯುವವರು ಬೇಡವೆನ್ನುವರು. ಆ ಹಳಿಯಾದರೆ ಲಾಭವುಂಟೆಂದು ನಾನೂ ಒಪ್ಪುವೆನು. ಆದರೆ ಶಿರೂರನ್ನು ಕಂಡ ಮೇಲೆ, ಗುಡ್ಡದ ಲೆಕ್ಕವನ್ನು ಮೊದಲು ಬರೆದು ಸರಕಿನ ಲೆಕ್ಕವನ್ನು ಅನಂತರ ಬರೆಯಬೇಕೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ ರೈತನ ಮಾತು. ಮುಂಬಯಿಯ ಬೆಲೆಯಲ್ಲಿ ಹಾದಿಯ ವೆಚ್ಚವನ್ನು ಕಳೆದು ಉಳಿದುದೇ ಹುಬ್ಬಳ್ಳಿಯ ಲಿಲಾವಿನ ಬೆಲೆ. ಅದರಲ್ಲಿ ಹೊಲದಿಂದ ಹುಬ್ಬಳ್ಳಿಯ ತನಕದ ಬಾಡಿಗೆಯನ್ನು ಕಳೆದರೆ ಉಳಿಯುವುದು ರೈತನ ಬೆಲೆ. ಹೆದ್ದಾರಿ ಎಷ್ಟು ಅಗಲವಾದರೂ ಈ ಕಡೆಯ ತುಂಡು ಕೆಟ್ಟಿದ್ದರೆ ಅವನಿಗೆ ಫಲವಿಲ್ಲ. ನಾನು ನವಲಗುಂದದ ಕಡೆಯ ಎರೆಭೂಮಿಯವನು. ಚಿಕ್ಕವನಿದ್ದಾಗ ಒಂದು ವರ್ಷ ಶ್ರಾವಣದ ಕೊನೆಗೆ ಹೆಸರು ಒಕ್ಕಿ, ನಮ್ಮ ತಂದೆಯವರು ಏಳು ಚೀಲ ಚಕ್ಕಡಿಯಲ್ಲಿ ಹೇರಿ ಪೇಟೆಗೆ ಹೊರಟರು. ಹಳ್ಳದ ಬಳಿ ಗಾಲಿಗಳು ಅಚ್ಚಿನ ತನಕ ಹೂತವು. ಜಡಿಮಳೆ. ನಾಲ್ಕು ಎತ್ತು ಹೂಡಿದರೂ ಬಂಡಿ ಮೇಲೇಳಲಿಲ್ಲ. ಚೀಲಗಳನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದೆವು. ಮೂರನೆಯ ದಿನಕ್ಕೆ ಕಾಳು ಮೊಳಕೆಯೊಡೆಯಿತು. ಊರೂರು ತಿರುಗಿ ಕೊಳ್ಳುವವನೊಬ್ಬನು ಬಂದನು. ತೂಕವೂ ಅವನದೇ, ಬೆಲೆಯೂ ಅವನದೇ. ತಂದೆಯವರು ಹಣವನ್ನು ಎಣಿಸದೆ ತಾಯಿಯ ಕೈಗೆ ಕೊಟ್ಟರು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಒಂದು ಹರದಾರಿಯೂ ಇರಲಿಲ್ಲ.