ಮಣ್ಣಿನ ಮನೆಯ ಸಾಕ್ಷ್ಯ



ಗ್ರಾಮೀಣ ವಸತಿಗಳ ಉತ್ಖನನವನ್ನು ಕುರಿತ ಈ ವಿಚಾರಸಂಕಿರಣವು ಹಾವೇರಿಯಲ್ಲಿ ನೆರೆದಿರುವುದು ಸರ್ವಥಾ ಉಚಿತವಾದುದು. ಏಕೆಂದರೆ ನಮ್ಮ ರಾಜವಂಶಗಳಿಗಿಂತಲೂ ದೇವಾಲಯಗಳಿಗಿಂತಲೂ ಎಷ್ಟೋ ಪ್ರಾಚೀನವಾದ ಒಕ್ಕಲು ಬಾಳೊಂದು ಇದೇ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ದಿಬ್ಬದೊಳಗೆ ಹುದುಗಿದ್ದಿತು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದ ವಸತಿಯು ಕಬ್ಬಿಣ ಬಳಸುವ ಬೃಹತ್‌ಶಿಲಾ ಸಂಸ್ಕೃತಿಯೊಡನೆ ಬೆರೆಯುವ ಸಂಧಿಕಾಲವು ಸ್ತರಸ್ತರವಾಗಿ ಗೋಚರಿಸಿತು; ಆ ಕಬ್ಬಿಣದ ಪ್ರಾಚೀನತೆಯನ್ನು ಇಂಗಾಲದ ಕಾಲಗಣನೆಯು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು.

ಇಂಗ್ಲೆಂಡಿನ ಚೆಡ್‌ವರ್ತ್‌ನಲ್ಲಿ 1864ರಲ್ಲಿ ಬೆಳಕಿಗೆ ಬಂದ ರೋಮನ್ ಸಿರಿವಂತರ ಹಳ್ಳಿಮನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿಯ ಸ್ನಾನಗೃಹದ ನೆಲವು ಗಿಡ್ಡ ಕಂಬಗಳ ಮೇಲೆ ನಿಂತಿದ್ದು, ಒಲೆಯ ಬಿಸಿಗಾಳಿಯು ಆ ನೆಲದಡಿಯಲ್ಲಿ ಹರಿದು ಕೋಣೆಯನ್ನು ಕಾಯಿಸುತ್ತಿದ್ದಿತು. ಮೇಲಣ ಗೋಡೆ ಬಿದ್ದುಹೋದರೂ ಆ ಕಂಬಗಳ ಸಾಲು ತನ್ನ ಪ್ರಯೋಜನವನ್ನು ತಾನೇ ಸಾರುತ್ತದೆ. ಹಳ್ಳೂರಿನ ರೈತನಾದರೋ ಬಿದಿರು, ಕೆಸರು, ಹುಲ್ಲುಗಳಿಂದ ದುಂಡನೆಯ ಗುಡಿಸಲನ್ನು ಕಟ್ಟಿದವನು. ಅವನ ಮನೆಯಿಂದ ಉಳಿದುದು ಗಟ್ಟಿಸಿದ ನೆಲದ ಒಂದು ತುಂಡು, ಅದರ ಅಂಚಿನಲ್ಲಿ ಗೂಟ ಕೊಳೆತ ಕುಳಿಯೊಳಗೆ ತುಂಬಿದ ಬೇರೆ ಬಣ್ಣದ ಮಣ್ಣು, ಒಲೆಯಿದ್ದೆಡೆಯ ಬೂದಿ, ಅಷ್ಟೆ. ಗುದ್ದಲಿಯ ಏಟು ನಾಲ್ಕು ಅಂಗುಲ ಹೆಚ್ಚಾಗಿ ಬಿದ್ದಿತೆಂದರೆ ಆ ಮನೆಯು ಇದ್ದಿತೆಂಬುದಕ್ಕೇ ಪ್ರಮಾಣವಿಲ್ಲ. ಆದುದರಿಂದ ಬಡವನ ಮನೆಯನ್ನು ಅಗೆಯುವವನಿಗೆ ಧನಿಕನ ಸ್ನಾನಗೃಹವನ್ನು ಅಗೆಯುವವನಿಗಿಂತ ಸೂಕ್ಷ್ಮತರವಾದ ದೃಷ್ಟಿ ಬೇಕು ಎಂಬುದೇ ನನ್ನ ಮುಖ್ಯ ನಿವೇದನೆ.

ಈ ದೃಷ್ಟಿಯು ನಮ್ಮಲ್ಲಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ವೆರುಲೇಮಿಯಮ್ ಎಂಬ ರೋಮನ್ ನಗರವನ್ನು ಅಗೆದು ನುರಿತಿದ್ದ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಸ್ತರಕ್ರಮವನ್ನು ಅನುಸರಿಸಿ ಅಗೆದರು; ಚಂದ್ರವಳ್ಳಿಯ ರೋಮನ್ ನಾಣ್ಯಗಳು ಅಲ್ಲಿಯ ಮಡಕೆಗಳ ಕಾಲನಿರ್ಣಯಕ್ಕೆ ಆಧಾರವಾದವು. ನಾಣ್ಯವೇ ಸಿಕ್ಕದ ಹಳ್ಳೂರಿನಂತಹ ನೆಲೆಯಲ್ಲಿ ಸ್ತರದ ಮಹತ್ತ್ವ ಇಮ್ಮಡಿಯಾಗುತ್ತದೆ. ಅಲ್ಲಿಯ ಎಲುಬುಗಳಲ್ಲಿ ಕುದುರೆಯದನ್ನು ಕೆ. ಆರ್. ಆಲೂರರು ಗುರುತಿಸಿದಾಗ, ಅಷ್ಟು ಹಿಂದೆಯೇ ಇಲ್ಲಿ ಕುದುರೆ ಇದ್ದಿತೇ ಎಂದು ಉಂಟಾದ ದೀರ್ಘ ವಾದದಲ್ಲಿ, ಎಲುಬು ಯಾವ ಪ್ರಾಣಿಯದೆಂಬುದರಷ್ಟೇ ಅದು ಯಾವ ಸ್ತರದ್ದೆಂಬುದೂ ನಿರ್ಣಾಯಕವಾಗಿದ್ದಿತು. ಮೇಲಣ ಸ್ತರದ ವಸ್ತುವು ಕೆಳಕ್ಕೆ ಜಾರಿ ನಮ್ಮನ್ನು ವಂಚಿಸುವುದೂ ಉಂಟು. ಬ್ಯಾಡಗಿಯವರು ಕೋಪಿಸಿಕೊಳ್ಳಬಾರದು: ಇಂದು ಈ ಸೀಮೆಯ ಹೆಸರನ್ನು ಲೋಕದ ಪೇಟೆಗೆಲ್ಲ ಒಯ್ದಿರುವ ಮೆಣಸಿನಕಾಯಿಯು ಅಮೆರಿಕದಿಂದ ಪೋರ್ಚುಗೀಸರ ಹಡಗನ್ನೇರಿ ಬಂದುದು, ಅದರ ಬೀಜವೊಂದು ನವಶಿಲಾಯುಗದ ನೆಲದಲ್ಲಿ ದೊರೆತರೆ ಸಂತೋಷಪಡುವುದಕ್ಕೆ ಮೊದಲು ಇಲಿಯ ಬಿಲವನ್ನು ಹುಡುಕತಕ್ಕದ್ದು.

ಉತ್ಖನನವೆಂದರೆ ಸಾಕ್ಷ್ಯವನ್ನು ಓದುತ್ತಲೇ ಅಳಿಸುವ ಕಾರ್ಯ. ಅಗೆದ ಸ್ತರವನ್ನು ಮರಳಿ ಅಗೆಯಲಾಗದು. ನಾಗರಾಜರಾಯರ ಹಳ್ಳೂರಿನ ವರದಿಯು 1971ರಲ್ಲಿಯೇ ಧಾರವಾಡದಿಂದ ಪ್ರಕಟವಾದುದರಿಂದ ಅವರ ನಿರ್ಣಯಗಳನ್ನು ನಾವು ಇಂದಿಗೂ ಪರೀಕ್ಷಿಸಬಲ್ಲೆವು. ಇತ್ತ ನಮ್ಮ ಊರುಗಳಲ್ಲಿ ಹಾಳು ದಿಬ್ಬದ ಬೂದಿಮಣ್ಣು ಬೆಳೆಗೆ ಒಳ್ಳೆಯದೆಂದು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಹೊಲ ಸೇರುತ್ತದೆ. ಇದರಲ್ಲಿ ರೈತನನ್ನು ದೂರುವುದು ಸಲ್ಲದು, ಅದರ ಬೆಲೆಯನ್ನು ಅವನಿಗೆ ತಿಳಿಸಿದವರಾರು? ಪ್ರತಿ ಕಾಲೇಜೂ ತನ್ನ ಸುತ್ತಣ ದಿಬ್ಬಗಳ ನಕ್ಷೆಯೊಂದನ್ನು ಸಿದ್ಧಪಡಿಸಿ ಗ್ರಾಮ ಪಂಚಾಯತಿಗೆ ಒಪ್ಪಿಸುವುದು, ವರದಿಗೆ ಹಣವೂ ಅವಧಿಯೂ ಗೊತ್ತಾಗದ ಹೊರತು ಹೊಸ ಅಗೆತಕ್ಕೆ ಕೈಹಾಕದಿರುವುದು, ಈ ಎರಡು ನಿರ್ಣಯಗಳಿಗಾದರೂ ತಮ್ಮ ಗೋಷ್ಠಿಗಳು ಬರಲೆಂದು ಆಶಿಸಿ, ಈ ವಿಚಾರಸಂಕಿರಣಕ್ಕೆ ಶುಭವನ್ನು ಕೋರುತ್ತೇನೆ.