ಕೆಂಪು ಪೆನ್ಸಿಲಿನ ಓಟು, ಬ್ಯಾಂಕಿನ ಸಾಲ

(ತಾಲ್ಲೂಕು ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



2023ರ ನವೆಂಬರಿನಲ್ಲಿ ನಾನು ನೆದರ್ಲೆಂಡ್ಸಿಗೆ ಹೋಗಿದ್ದೆ. ನಾವು ಹಾಲೆಂಡ್ ಅಂತ ಕರೆಯುತ್ತೇವಲ್ಲ, ಅದೇ ದೇಶ. ಮಗಳು ಅಳಿಯ ಅಲ್ಲಿ ಕೆಲಸದಲ್ಲಿದ್ದರು. ಮೊಮ್ಮಗುವನ್ನು ನೋಡಿ ಬರೋಣವೆಂದು ಹೋದವನಿಗೆ ಅಲ್ಲಿಯ ಪಾರ್ಲಿಮೆಂಟ್ ಚುನಾವಣೆಯೂ ನೋಡಲು ಸಿಕ್ಕಿತು. ವಾಪಸು ಬಂದ ಮೇಲೆ ಎಲ್ಲರೂ "ಅಲ್ಲಿಯ ಹಸು ಎಷ್ಟು ಹಾಲು ಕೊಡುತ್ತೆ?" ಅಂತಲೇ ಕೇಳುತ್ತಾರೆ. ನಾನು ಇವತ್ತು ಹಸು ಸಾಕಿದವನ ಕಷ್ಟ ಹೇಳುತ್ತೇನೆ.

ಚುನಾವಣೆ ಅಂದರೆ ನಮಗೆ ಮೈಕು, ಜೀಪು, ಕೊನೇ ರಾತ್ರಿಯ ಹಂಚಿಕೆ. ಅಲ್ಲಿ ನಾನಿದ್ದ ಕಡೆ ಅದಾವುದೂ ಕಾಣಲಿಲ್ಲ. ಊರೊಳಗೆ ಒಂದು ದೊಡ್ಡ ಹಲಗೆ ನಿಲ್ಲಿಸಿ ಎಲ್ಲ ಪಕ್ಷಗಳ ಪೋಸ್ಟರನ್ನೂ ಸಾಲಾಗಿ ಅಂಟಿಸಿದ್ದರು. ನವೆಂಬರ್ 22, ಬುಧವಾರ ಮತದಾನ. ರಜೆಯಿಲ್ಲ. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಒಂಬತ್ತರ ತನಕ, ಕೆಲಸಕ್ಕೆ ಹೋಗುವವರು ಸೈಕಲ್ ನಿಲ್ಲಿಸಿ ಓಟು ಹಾಕಿ ಹೋಗುತ್ತಿದ್ದರು. ಓಟಿನ ಮೆಷಿನ್ ಮೊದಲು ಅಲ್ಲೂ ಇತ್ತಂತೆ. ಅದನ್ನು ಕೆಡಿಸಬಹುದೆಂದು ಕೆಲವರು ಮಾಡಿ ತೋರಿಸಿದ ಮೇಲೆ ಕೈಬಿಟ್ಟು ಕಾಗದಕ್ಕೆ ಮರಳಿದರು. 26 ಪಕ್ಷ, ಸಾವಿರಕ್ಕೂ ಮೇಲ್ಪಟ್ಟು ಅಭ್ಯರ್ಥಿಗಳು. ಮತಪತ್ರ ಬಿಚ್ಚಿದರೆ ಟವೆಲಿನಷ್ಟಾಗುತ್ತದೆ. ಒಂದು ಹೆಸರಿನ ಮುಂದಿನ ಸೊನ್ನೆಯನ್ನು ಕೆಂಪು ಪೆನ್ಸಿಲಿನಿಂದ ತುಂಬಬೇಕು. ಬೆರಳಿಗೆ ಮಸಿಯಿಲ್ಲ. ರಾತ್ರಿ ಕೈಯಲ್ಲೇ ಎಣಿಸುತ್ತಾರೆ, ಯಾರು ಬೇಕಾದರೂ ನಿಂತು ನೋಡಬಹುದು. ನಾನೂ ನಿಂತು ನೋಡಿದೆ. ಇಡೀ ದೇಶದ ಓಟು ಒಟ್ಟುಗೂಡಿಸಿ, ಬಿದ್ದ ಓಟಿಗೆ ತಕ್ಕಂತೆ 150 ಸೀಟು ಹಂಚುತ್ತಾರೆ. ಹಾಗಾಗಿ ಸಣ್ಣ ಪಕ್ಷಕ್ಕೂ ಒಳಗೆ ಜಾಗವಿದೆ.

ಅದೇ ವಾರ ಮಗಳು ಪರಿಚಯದ ಒಬ್ಬ ರೈತರ ಮನೆಗೆ ಕರೆದೊಯ್ದಳು. ದಾರಿಯಲ್ಲಿ ಕಂಬಗಳಿಗೆ ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಕಟ್ಟಿದ್ದರು. ಅದು ರೈತರ ಪ್ರತಿಭಟನೆಯ ಗುರುತು. ಅವರ ಕೊಟ್ಟಿಗೆಯಲ್ಲಿ ನೂರು ಹಸು. "ನೀವು ಸಾಹುಕಾರರು" ಅಂದೆ. ಆತ ನಕ್ಕು, "ಕೊಟ್ಟಿಗೆ ಬ್ಯಾಂಕಿನದು, ಕೆಲಸ ನನ್ನದು" ಅಂದರು. ಮಗಳು ಕನ್ನಡದಲ್ಲಿ ಹೇಳಿದಾಗ ನನಗೆ ನಮ್ಮೂರಿನವರೇ ಮಾತಾಡಿದ ಹಾಗಾಯಿತು.

ಆದದ್ದು ಇಷ್ಟು. ಯೂರೋಪಿನಲ್ಲಿ ಯಾರು ಎಷ್ಟು ಹಾಲು ಕರೆಯಬಹುದೆಂಬ ಮಿತಿ 1984ರಿಂದ ಇತ್ತು. 2015ರಲ್ಲಿ ಅದನ್ನು ತೆಗೆದರು. ಇನ್ನು ಬೆಳೆಯಿರಿ ಅಂದರು, ಬ್ಯಾಂಕು ಸಾಲ ಕೊಟ್ಟಿತು, ಈತ ದೊಡ್ಡ ಕೊಟ್ಟಿಗೆ ಕಟ್ಟಿಸಿದರು. 2019ರಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಪೀಠ ಸರ್ಕಾರದ ಸಾರಜನಕ ನಿಯಮವನ್ನೇ ತಳ್ಳಿಹಾಕಿತು. ಸಗಣಿ ಗಂಜಳದಿಂದ ಏಳುವ ಅಮೋನಿಯಾ ಕಾಡನ್ನೂ ಜೌಗುನೆಲವನ್ನೂ ಕೆಡಿಸುತ್ತಿದ್ದದ್ದು ಸುಳ್ಳಲ್ಲ, ಅದನ್ನು ಆ ರೈತರೂ ಒಪ್ಪಿದರು. ಆಮೇಲೆ ಹಸು ಕಮ್ಮಿ ಮಾಡಿ ಎಂಬ ಮಾತು ಬಂತು. ಹಸು ಕಮ್ಮಿ ಮಾಡಬಹುದು ಸ್ವಾಮಿ, ಕಂತು ಕಮ್ಮಿಯಾಗುತ್ತದೆಯೆ?

ರೈತರು ಟ್ರಾಕ್ಟರ್ ಹತ್ತಿ ಹೇಗ್ ನಗರದ ರಸ್ತೆಗಳಿಗೆ ಇಳಿದರು. ಅದೇ 2019ರಲ್ಲಿ ಬಿಬಿಬಿ ಎಂಬ ರೈತರ ಪಕ್ಷ ಹುಟ್ಟಿತು. 2021ರಲ್ಲಿ ಒಂದು ಸೀಟು. 2023ರ ಮಾರ್ಚಿನ ಪ್ರಾಂತ್ಯ ಚುನಾವಣೆಯಲ್ಲಿ ಗೆದ್ದು, ಮೇಲ್ಮನೆಯ 75ರಲ್ಲಿ 16 ಸೀಟು ಪಡೆದು ಅಲ್ಲಿ ಎಲ್ಲರಿಗಿಂತ ದೊಡ್ಡ ಪಕ್ಷವಾಯಿತು. ಎಂಟು ತಿಂಗಳ ನಂತರ, ನಾನು ನೋಡಿದ ಚುನಾವಣೆಯಲ್ಲಿ, ಕೆಳಮನೆಯಲ್ಲಿ ಸಿಕ್ಕಿದ್ದು ಏಳೇ. ಹಳ್ಳಿಯ ಸಿಟ್ಟಿನ ಓಟು ಬೇರೆ ಪಕ್ಷಗಳಿಗೂ ಹಂಚಿಹೋಗಿತ್ತು. ಮೊದಲ ಸ್ಥಾನಕ್ಕೆ ಬಂದದ್ದು ವಲಸಿಗರ ವಿರುದ್ಧ ಮಾತಾಡುವ ಗೀರ್ಟ್ ವಿಲ್ಡರ್ಸರ ಪಕ್ಷ, 37 ಸೀಟು. ಆದರೂ 2024ರ ಜುಲೈನಲ್ಲಿ ಕೂಡು ಸರ್ಕಾರವಾದಾಗ ರೈತರ ಪಕ್ಷಕ್ಕೆ ಕೃಷಿ ಖಾತೆಯೇ ಸಿಕ್ಕಿತು. 2025ರ ಜೂನಿನಲ್ಲಿ ಆ ಸರ್ಕಾರ ಬಿತ್ತು. ಅಕ್ಟೋಬರಿನಲ್ಲಿ ಮತ್ತೆ ಚುನಾವಣೆ. ಏಳು ಇದ್ದದ್ದು ನಾಲ್ಕಾಯಿತು.

ಅಲ್ಲಿ ಎಣಿಕೆ ಎಲ್ಲರ ಕಣ್ಣೆದುರೇ ಆಯಿತು. ರೈತರ ಪಕ್ಷವೂ ಇತ್ತು, ಆಮೇಲೆ ಕೃಷಿ ಮಂತ್ರಿಯೂ ಆ ಪಕ್ಷದವರೇ ಆಗಿದ್ದರು. ಆದರೂ ಸರ್ಕಾರದ ಮಾತು ನಂಬಿ ಮಾಡಿದ ಸಾಲಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಆ ಟವೆಲಿನಷ್ಟು ದೊಡ್ಡ ಕಾಗದದಲ್ಲಿ ಎಲ್ಲೂ ಇರಲಿಲ್ಲ. ತಾವಾಗಿಯೇ ಪಶುಸಾಕಣೆ ಮುಚ್ಚುವವರಿಗೆ ಹಣ ಕೊಡುವ ಯೋಜನೆಯನ್ನು ಸರ್ಕಾರ 2023ರಲ್ಲೇ ತೆರೆದಿತ್ತು. "ಮಗ ಮಾರಿಬಿಡು ಅಂತಾನೆ. ಬ್ಯಾಂಕಿಗೆ ಕಟ್ಟಿದ ಮೇಲೆ ನನಗೆ ಉಳಿಯೋದೇನು?" ಅಂತ ಆತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ರೈತಸಂಘವೂ 1989ರಲ್ಲಿ ವಿಧಾನಸಭೆಗೆ ನಿಂತದ್ದನ್ನು ಇಲ್ಲಿರುವ ಹಿರಿಯರು ಬಲ್ಲರು. ನಿಲ್ಲಬಾರದು ಅಂತ ನಾನು ಹೇಳುತ್ತಿಲ್ಲ, ಓಟು ಹಾಕಲೇಬೇಕು. ಆದರೆ ಓಟು ಕೇಳಲು ಬಂದವರಿಗೂ, ಸಾಲದ ಕಾಗದಕ್ಕೆ ಸಹಿ ಕೇಳುವವರಿಗೂ ಒಂದೇ ಪ್ರಶ್ನೆ ಹಾಕಿ: "ನಾಳೆ ನೀವೇ ನಿಯಮ ಬದಲಾಯಿಸಿದರೆ ಈ ಸಾಲ ಯಾರ ಹೆಸರಿನಲ್ಲಿರುತ್ತದೆ?" ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಒಬ್ಬೊಬ್ಬರೇ ಕೇಳಿದರೆ ಕೊಡುವುದಿಲ್ಲ, ಊರಿಗೂರೇ ಕೂತು ಕೇಳಬೇಕು.

ಹೊರಡುವಾಗ ಆತ ಕೇಳಿದರು: "ನಿಮ್ಮಲ್ಲಿ ಹಾಲಿಗೆ ಬೆಲೆ ಕಟ್ಟೋರು ಯಾರು?"

"ನಾನಂತೂ ಅಲ್ಲ" ಅಂದೆ.

"ಇಲ್ಲೂ ಅಷ್ಟೆ" ಅಂದರು.